ಲಕ್ಷ ಎಲ್ಲದ? ಕಲಬುರಗಿಯ ಮಕ್ಕಳಿಗೆ ಮೆದುಳಿನ ಸ್ಕ್ಯಾನ್ ಬೇಕೇ: ಪರ-ವಿರೋಧ

"ಲಕ್ಷ ಎಲ್ಲದ ನಿಂದು?" ಕಲಬುರಗಿ ಕಡೆ ಯಾವ ಶಾಲೆಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಲಕ್ಷ ಅಂದರೆ ಗಮನ. ನಾನು ಆಳಂದ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹದಿನಾರು ವರ್ಷದಿಂದ ನಾನೂ ಇದನ್ನೇ ಕೇಳುತ್ತಾ ಬಂದಿದ್ದೇನೆ. ಒಂದು ಮಗುವೂ ಇದಕ್ಕೆ ಉತ್ತರ ಕೊಟ್ಟಿಲ್ಲ.

ಹೋದ ವರ್ಷ ಎಂಟನೇ ತರಗತಿಯಲ್ಲಿ ಒಂದು ಪಿರಿಯಡ್ ಖಾಲಿ ಸಿಕ್ಕಿತು. ಡ್ರಾಯಿಂಗ್ ಶೀಟ್ ಮೇಲೆ ಸ್ಕೆಚ್ ಪೆನ್ನಿನಿಂದ ಇಪ್ಪತ್ತು ಪದ ಬರೆದೆ. "ಕೆಂಪು" ಅನ್ನುವ ಪದ ನೀಲಿ ಬಣ್ಣದಲ್ಲಿ, "ಹಸಿರು" ಕೆಂಪು ಬಣ್ಣದಲ್ಲಿ, "ಕಪ್ಪು" ಹಸಿರಿನಲ್ಲಿ, ಹೀಗೆ. ಪದ ಓದಬಾರದು, ಬಣ್ಣದ ಹೆಸರು ಮಾತ್ರ ಹೇಳಬೇಕು. ಮೊಬೈಲಿನಲ್ಲಿ ಟೈಮ್ ಹಿಡಿದೆ. ಇದು 1935ರಲ್ಲಿ ಅಮೆರಿಕದ ಜಾನ್ ರಿಡ್ಲಿ ಸ್ಟ್ರೂಪ್ ಮಾಡಿದ ಪರೀಕ್ಷೆ. ಬರೀ ಬಣ್ಣದ ಚೌಕಗಳಿದ್ದಾಗ ನೂರು ಬಣ್ಣ ಹೇಳಲು ಅವರ ಕಾಲೇಜು ವಿದ್ಯಾರ್ಥಿಗಳಿಗೆ ಸರಾಸರಿ 63 ಸೆಕೆಂಡ್ ಸಾಕಾಗಿತ್ತು. ಬಣ್ಣ ಒಂದು, ಪದ ಒಂದು ಆದಾಗ 110 ಸೆಕೆಂಡ್ ಬೇಕಾಯಿತು. ಓದಬೇಡ ಅಂದರೂ ಕಣ್ಣು ಓದಿಬಿಡುತ್ತದೆ. ಓದಿದ್ದನ್ನು ತಡೆದು, ಕೇಳಿದ್ದನ್ನು ಹೇಳಬೇಕು. ಈ ತಡೆಯುವ ಶಕ್ತಿಗೆ ವಿಜ್ಞಾನಿಗಳು ಎಕ್ಸಿಕ್ಯುಟಿವ್ ಕಂಟ್ರೋಲ್ ಅನ್ನುತ್ತಾರೆ. ನಾನು ಇಲ್ಲಿ ಅದನ್ನು ಹಿಡಿತ ಅನ್ನುತ್ತೇನೆ.

ಕ್ಲಾಸಿನ ಜಾಣ ಹುಡುಗರೆಲ್ಲ ತಡವರಿಸಿದರು. ಮೊದಲನೇ ಬೆಂಚಿನವನು ಮೂರು ಸಲ ನಾಲಿಗೆ ಕಚ್ಚಿಕೊಂಡ. ತಾಂಡಾದಿಂದ ಬರುವ ಒಬ್ಬಳು ಹುಡುಗಿ ಎದ್ದು ಬಂದು ಎಲ್ಲೂ ನಿಲ್ಲದೆ ಇಪ್ಪತ್ತನ್ನೂ ಸರಸರ ಹೇಳಿ ಮುಗಿಸಿದಳು. ಎಲ್ಲರಿಗಿಂತ ಜಲ್ದಿ. ನಾನು ಬೆನ್ನು ತಟ್ಟಿದೆ. ಅವಳು ಸಣ್ಣ ದನಿಯಲ್ಲಿ ಅಂದಳು: "ಮೇಡಮ್, ನನಗ ಅಕ್ಷರ ಜಲ್ದಿ ಓದ್ಲಾಕ ಬರಲ್ರಿ. ಬಣ್ಣ ಅಷ್ಟೇ ಕಾಣ್ತದ್ರಿ."

ಮನೆಯಲ್ಲಿ ಲಮಾಣಿ, ಶಾಲೆಯಲ್ಲಿ ಕನ್ನಡ. ಕನ್ನಡ ಓದು ಅವಳಿಗೆ ಇನ್ನೂ ತಾನಾಗಿ ಬರುವುದಿಲ್ಲ. ಹಾಗಾಗಿ ತಡೆಯುವುದಕ್ಕೆ ಏನೂ ಇರಲಿಲ್ಲ. ಗೆದ್ದದ್ದು ಹಿಡಿತದಿಂದಲ್ಲ.

ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ವಾದ ಹತ್ತಿಕೊಂಡಿತು. ನಮ್ಮ ಭಾಗದ ಮಕ್ಕಳ ಗಮನ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಲು ಮೆದುಳಿನ ಸ್ಕ್ಯಾನ್ ಸಂಶೋಧನೆ ಇಲ್ಲೇ ನಡೆಯಬೇಕೇ? ಅದಕ್ಕೆ ಸರ್ಕಾರದ ದುಡ್ಡು ಹೋಗಬೇಕೇ? ಎರಡೂ ಕಡೆ ನಾನೇ ಬರೆಯುತ್ತೇನೆ. ಎರಡೂ ನನ್ನ ಮನಸ್ಸಿನಲ್ಲಿ ಇವೆ.

ಪರ: ನಡೆಯಬೇಕು, ಇಲ್ಲೇ ನಡೆಯಬೇಕು

ನಮ್ಮ ಕಾಕಾನಿಗೆ ಲಕ್ವಾ ಹೊಡೆದಾಗ ಎಡಗೈ, ಎಡಗಾಲು ಸೋತಿದ್ದವು. ತಿಂಗಳೆರಡು ತಿಂಗಳಲ್ಲಿ ಕೋಲು ಹಿಡಿದು ನಡೆಯುವಷ್ಟಾದರು. ಆದರೆ ಊಟಕ್ಕೆ ಕೂತರೆ ತಾಟಿನ ಬಲಗಡೆ ಇದ್ದಷ್ಟೇ ತಿನ್ನುತ್ತಿದ್ದರು. ರೊಟ್ಟಿ ಮುಗಿಯುತ್ತಿತ್ತು, ಎಡಗಡೆಯ ಪುಂಡಿಪಲ್ಯ ಬಡಿಸಿದ್ದು ಬಡಿಸಿದ ಹಾಗೇ ಇರುತ್ತಿತ್ತು. "ಪಲ್ಯ ಯಾಕ ಹಾಕಿಲ್ಲ?" ಅಂತ ಕಾಕುಗೆ ಸಿಟ್ಟು ಮಾಡುತ್ತಿದ್ದರು. ಕಾಕು ಅಳುತ್ತಿದ್ದಳು. ಬೇಕಂತಲೇ ಹಟ ಮಾಡುತ್ತಾರೆ ಅಂತ ಮನೆಯವರೆಲ್ಲ ತಿಳಿದಿದ್ದೆವು.

ಡಾಕ್ಟರು ಸ್ಕ್ಯಾನ್ ಫಿಲ್ಮನ್ನು ಬೆಳಕಿನ ಡಬ್ಬಿಯ ಮೇಲೆ ಇಟ್ಟು ತೋರಿಸಿದರು. ಮೆದುಳಿನ ಬಲಭಾಗದಲ್ಲಿ, ನೆತ್ತಿಯ ಹಿಂದೆ, ಒಂದು ಜಾಗ ಬೇರೆ ಬಣ್ಣಕ್ಕೆ ತಿರುಗಿತ್ತು. "ಇವರ ಕಣ್ಣು ಸರಿ ಇವೆ. ಎಡಗಡೆಗೆ ಲಕ್ಷ ಕಳಿಸುವ ಭಾಗಕ್ಕೆ ಪೆಟ್ಟಾಗಿದೆ" ಅಂದರು. ಅವತ್ತಿನಿಂದ ಕಾಕು ಅರ್ಧ ಊಟವಾದ ಮೇಲೆ ತಾಟನ್ನು ಸುಮ್ನೆ ತಿರುಗಿಸಿ ಇಡತೊಡಗಿದಳು. ಪಲ್ಯ ಬಲಕ್ಕೆ ಬಂತು. ಜಗಳ ನಿಂತಿತು.

ಮೆದುಳಿನ ಚಿತ್ರಗಳ ಪರವಾಗಿ ನನಗಿರುವ ಮೊದಲ ಕಾರಣ ಈ ತಾಟು. ಗಮನ ಅಂದರೆ ಗುಣ, ನಡತೆ, ಸಂಸ್ಕಾರ ಅಂತ ನಾವು ತಿಳಿದಿದ್ದೇವೆ. ಅದಕ್ಕೂ ಮೈಯಲ್ಲಿ ಒಂದು ಜಾಗ ಇದೆ, ಕಾಲು ಉಳುಕಿದ ಹಾಗೆ ಅದಕ್ಕೂ ಪೆಟ್ಟಾಗಬಹುದು ಅಂತ ಕಣ್ಣಿಗೆ ಕಾಣುವಂತೆ ತೋರಿಸಿದ್ದು ಸ್ಕ್ಯಾನ್.

ಈ ಸ್ಕ್ಯಾನುಗಳಲ್ಲಿ ಒಂದು ಬಗೆ, ಎಫ್‌ಎಂಆರ್‌ಐ, ಮೆದುಳು ಕೆಲಸ ಮಾಡುತ್ತಿರುವಾಗಲೇ ನೋಡುತ್ತದೆ. ಅದರ ಮೂಲ ಜಪಾನಿನ ಸೇಜಿ ಒಗಾವಾ 1990ರಲ್ಲಿ ತೋರಿಸಿದ ಸಂಗತಿ. ಆಮ್ಲಜನಕ ಹೊತ್ತ ರಕ್ತಕ್ಕೂ ಆಮ್ಲಜನಕ ಬಿಟ್ಟುಕೊಟ್ಟ ರಕ್ತಕ್ಕೂ ಅಯಸ್ಕಾಂತದ ಮುಂದೆ ವರ್ತನೆ ಬೇರೆ. ಮೆದುಳಿನ ಯಾವ ಭಾಗ ದುಡಿಯುತ್ತದೋ ಅಲ್ಲಿಗೆ ಹೊಸ ರಕ್ತ ಜಾಸ್ತಿ ಹರಿಯುತ್ತದೆ. ಆ ವ್ಯತ್ಯಾಸವನ್ನು ಯಂತ್ರ ಹಿಡಿಯುತ್ತದೆ. 1992ರ ಹೊತ್ತಿಗೆ ಮನುಷ್ಯರ ಮೇಲೆ ಇದು ನಡೆಯಿತು. ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ, ಎಕ್ಸ್‌ರೇ ಇಲ್ಲ. ಮಗು ಮಲಗಿ ಒಳಗಿನ ಪರದೆ ನೋಡುತ್ತಾ ಗುಂಡಿ ಒತ್ತಿದರಾಯಿತು.

ಇದರಿಂದ ಏನು ತಿಳಿಯಿತು? ಗಮನ ಅನ್ನುವುದು ಒಂದೇ ವಸ್ತು ಅಲ್ಲ ಅಂತ. ಮೈಕೆಲ್ ಪೋಸ್ನರ್ ಮತ್ತು ಸ್ಟೀವನ್ ಪೀಟರ್ಸನ್ 1990ರಲ್ಲೇ ಇದನ್ನು ಮೂರಾಗಿ ಬಿಡಿಸಿದರು. ಎಚ್ಚರವಾಗಿರುವುದು ಒಂದು. ಬೇಕಾದ ಕಡೆ ತಿರುಗುವುದು ಇನ್ನೊಂದು. ಜಗ್ಗಾಟ ಇದ್ದಾಗ ಬೇಡದ್ದನ್ನು ತಡೆದು ಬೇಕಾದ್ದನ್ನು ಹಿಡಿಯುವುದು ಮೂರನೆಯದು. ಆಮೇಲಿನ ಸ್ಕ್ಯಾನುಗಳಲ್ಲಿ ಈ ಮೂರಕ್ಕೂ ಬೇರೆ ಬೇರೆ ಜಾಲಗಳು ಕಂಡವು. ಸ್ಟ್ರೂಪ್ ಆಟವನ್ನು ಯಂತ್ರದೊಳಗೆ ಆಡಿಸಿದರೆ ಹಣೆಯ ಹಿಂದೆ, ಮೆದುಳಿನ ನಡುಗೆರೆಯ ಪಕ್ಕದ ಆಂಟೀರಿಯರ್ ಸಿಂಗ್ಯುಲೇಟ್ ಅನ್ನುವ ಭಾಗ ಚುರುಕಾಗುತ್ತದೆ. ಇಲ್ಲಿ ಎರಡು ಉತ್ತರ ಜಗ್ಗಾಡುತ್ತಿವೆ ಅಂತ ಅದು ಸುಳಿವು ಕೊಡುತ್ತದೆ ಅನ್ನುವುದು ಹೆಚ್ಚು ಜನ ಒಪ್ಪುವ ವಿವರಣೆ. "ಬಣ್ಣ ಹೇಳಬೇಕು, ಪದ ಅಲ್ಲ" ಅನ್ನುವ ನಿಯಮವನ್ನು ಹಿಡಿದಿಟ್ಟುಕೊಳ್ಳುವುದು ಹಣೆಯ ಹೊರಬದಿಯ ಪ್ರೀಫ್ರಂಟಲ್ ಭಾಗ.

ಮೇಷ್ಟ್ರಾದವರಿಗೆ ಇದು ಎಷ್ಟು ದೊಡ್ಡ ಮಾತು ನೋಡಿ. ನನ್ನ ಕ್ಲಾಸಿನಲ್ಲಿ "ಲಕ್ಷ ಇಲ್ಲ" ಅನ್ನಿಸಿಕೊಳ್ಳುವವರು ಏಳೆಂಟು ಜನ. ಒಬ್ಬ ತೂಕಡಿಸುತ್ತಾನೆ. ಒಬ್ಬಳ ಕಣ್ಣು ಬಾಗಿಲ ಕಡೆಗೇ. ಇನ್ನೊಬ್ಬನಿಗೆ ಎಲ್ಲ ಗೊತ್ತು, ಆದರೆ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಾಯಿಂದ ಹಾರಿಬಿಡುತ್ತದೆ. ಮೂವರಿಗೂ ನಾನು ಬೈದದ್ದು ಒಂದೇ ಬೈಗುಳ.

ಕಿಟಕಿ ಆಚೆ ನೋಡುತ್ತಾ ಕೂರುವ ಮಗುವಿನ ಮಾತೂ ಅಷ್ಟೇ. ಸುಮ್ಮನೆ ಇದ್ದಾಗಲೂ ಮೆದುಳಿನಲ್ಲಿ ಒಂದು ಜಾಲ ದುಡಿಯುತ್ತಿರುತ್ತದೆ ಅಂತ 2001ರಲ್ಲಿ ಮಾರ್ಕಸ್ ರೇಕಲ್ ಮತ್ತು ಸಂಗಡಿಗರು ವಿವರಿಸಿದರು. ಆ ಜಾಲವನ್ನು ಇಳಿಸಿ ಕೆಲಸದ ಜಾಲವನ್ನು ಏರಿಸುವ ಸ್ವಿಚ್ಚು ಎಲ್ಲಿದೆ ಅಂತ ಹುಡುಕಿದ 2008ರ ಅಧ್ಯಯನದ ಮೊದಲ ಲೇಖಕರು ದೇವರಾಜನ್ ಶ್ರೀಧರನ್. ಅವರು ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಗಮನದ ಬಗ್ಗೆಯೇ ಕೆಲಸ ಮಾಡುತ್ತಿದ್ದಾರೆ. ಅಂದರೆ ಈ ವಿದ್ಯೆ ನಮ್ಮ ರಾಜ್ಯಕ್ಕೆ ಬಂದಾಗಿದೆ. ಬಂದಿಲ್ಲದಿರುವುದು ಕಲಬುರಗಿಗೆ.

ನನ್ನ ಮನಸ್ಸನ್ನು ತುಂಬಾ ಅಲ್ಲಾಡಿಸಿದ್ದು 2007ರ ಒಂದು ಅಧ್ಯಯನ. ಫಿಲಿಪ್ ಶಾ ಮತ್ತು ಸಂಗಡಿಗರು ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಕೆಯ ತೊಂದರೆ, ಇರುವ 223 ಮಕ್ಕಳ ಸ್ಕ್ಯಾನುಗಳನ್ನು ಬೇರೆ ಮಕ್ಕಳದ್ದರ ಜೊತೆ ಇಟ್ಟು ನೋಡಿದರು. ಮೆದುಳಿನ ಹೊರಪದರ ಒಂದು ವಯಸ್ಸಿನವರೆಗೆ ದಪ್ಪವಾಗುತ್ತಾ ಹೋಗಿ ಆಮೇಲೆ ತೆಳುವಾಗುತ್ತದೆ. ಆ ತುದಿಯನ್ನು ಬೇರೆ ಮಕ್ಕಳು ಸುಮಾರು ಏಳೂವರೆ ವರ್ಷಕ್ಕೆ ಮುಟ್ಟಿದರೆ, ಈ ಮಕ್ಕಳು ಮುಟ್ಟಿದ್ದು ಹತ್ತೂವರೆಗೆ. ದಾರಿ ಅದೇ, ಹೊರಟದ್ದು ತಡ. ಹಣೆಯ ಭಾಗದಲ್ಲಿ ಈ ತಡ ಎದ್ದು ಕಾಣುತ್ತಿತ್ತು. ಒಂಬತ್ತು ವರ್ಷದ ಮಗನನ್ನು "ಇವ ಉದ್ಧಾರ ಆಗಂಗಿಲ್ಲ" ಅಂತ ಬಿಟ್ಟುಕೊಡುವ ತಂದೆಗೆ ಇದನ್ನು ತೋರಿಸಬೇಕು ಅನ್ನಿಸುತ್ತದೆ.

ಈಗ ನಮ್ಮ ಲೆಕ್ಕಕ್ಕೆ ಬರೋಣ. ಅಮೆರಿಕದಲ್ಲಿ ಎಬಿಸಿಡಿ ಅನ್ನುವ ಮೆದುಳಿನ ಅಧ್ಯಯನ 21 ಕೇಂದ್ರಗಳಲ್ಲಿ ಒಂಬತ್ತು-ಹತ್ತು ವರ್ಷದ ಸುಮಾರು 11,880 ಮಕ್ಕಳನ್ನು ಸೇರಿಸಿಕೊಂಡು ವರ್ಷಗಟ್ಟಲೆ ಹಿಂಬಾಲಿಸುತ್ತಿದೆ. ನಮ್ಮ ದೇಶದಲ್ಲಿ ಸಿ-ವೇದ ಅಂತ ಒಂದು ನಡೆಯಿತು. ಏಳು ಕೇಂದ್ರಗಳಲ್ಲಿ ಬೆಂಗಳೂರು ಇದೆ, ಮೈಸೂರು ಇದೆ, ಇಂಫಾಲ, ಚಂಡೀಗಢ, ಕೋಲ್ಕತ್ತ ಇವೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಹಳ್ಳಿಯ ಹಿರಿಯರ ಮೆದುಳಿನ ಅಧ್ಯಯನ ಹತ್ತು ಸಾವಿರ ಜನರ ಗುರಿ ಇಟ್ಟುಕೊಂಡು ನಡೆಯುತ್ತಿದೆ. ಈ ಮೂರರಲ್ಲೂ ಕಲಬುರಗಿ ಇಲ್ಲ, ಬೀದರ್ ಇಲ್ಲ, ಯಾದಗಿರಿ ಇಲ್ಲ. ಮಂಡ್ಯದ ಮಣ್ಣು ಪರೀಕ್ಷೆ ಮಾಡಿ ಸೇಡಂನ ತೊಗರಿಗೆ ಗೊಬ್ಬರ ಹೇಳಿದರೆ ನಾವು ಒಪ್ಪುತ್ತೇವಾ?

ನಮ್ಮ ಜನ ಯಂತ್ರದೊಳಗೆ ಮಲಗುವುದಿಲ್ಲ ಅನ್ನುವವರಿಗೆ ಲಖನೌ ಹತ್ತಿರದ ಹಳ್ಳಿಗಳ ಉದಾಹರಣೆ ಇದೆ. ಓದುಬರಹ ಬಾರದ ದೊಡ್ಡವರಿಗೆ, ಅವರಲ್ಲಿ ಹೆಂಗಸರೇ ಜಾಸ್ತಿ, ಆರು ತಿಂಗಳು ಹಿಂದಿ ಅಕ್ಷರ ಕಲಿಸಿ, ಕಲಿಯುವ ಮೊದಲು ಮತ್ತು ಆಮೇಲೆ ಸ್ಕ್ಯಾನ್ ಮಾಡಿದರು. 2017ರಲ್ಲಿ ಬಂದ ಆ ವರದಿ ಪ್ರಕಾರ ಬದಲಾವಣೆ ಮೆದುಳಿನ ಆಳದವರೆಗೂ, ನೋಟದ ಗಮನಕ್ಕೆ ಸೇರಿದ ಭಾಗಗಳವರೆಗೂ ಇಳಿದಿತ್ತು. ಅಕ್ಷರ ಕಲಿತರೆ ಗಮನದ ದಾರಿಗಳೇ ಬದಲಾಗುತ್ತವೆ ಅನ್ನುವುದಾದರೆ, ನಮ್ಮ ಕನ್ನಡ ಅಕ್ಷರ, ಅದರ ಒತ್ತು, ಗುಣಿತ ಏನು ಮಾಡುತ್ತವೆ? ಕೇಳುವವರು ಬೇಕಲ್ವಾ?

ಭಾಷೆಯ ವಿಷಯದಲ್ಲಂತೂ ನಮ್ಮಷ್ಟು ಶ್ರೀಮಂತ ಜಾಗ ಅಪರೂಪ. ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಅರ್ಧ ತಾಸು ನಿಂತರೆ ಕನ್ನಡ, ದಖನಿ, ಮರಾಠಿ, ತೆಲುಗು, ಲಮಾಣಿ ಎಲ್ಲ ಕೇಳಿಸುತ್ತವೆ. ಹೈದರಾಬಾದಿನ ನಿಜಾಮ್ಸ್ ಆಸ್ಪತ್ರೆಯಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಮರೆವಿನ ರೋಗಿಗಳ ದಾಖಲೆ ನೋಡಿದಾಗ, ಒಂದಕ್ಕಿಂತ ಜಾಸ್ತಿ ಭಾಷೆ ಆಡುವವರಲ್ಲಿ ರೋಗ ನಾಲ್ಕೂವರೆ ವರ್ಷ ತಡವಾಗಿ ಶುರುವಾದದ್ದು ಕಂಡಿತ್ತು. ಓದು ಬಾರದವರಲ್ಲೂ ಹಾಗೇ ಇತ್ತು. ಇದು ಬಂದದ್ದು 2013ರಲ್ಲಿ. ಎರಡು ಭಾಷೆಗಳ ನಡುವೆ ಒಂದನ್ನು ತಡೆದು ಒಂದನ್ನು ಹಿಡಿಯುವ ದಿನದಿನದ ಅಭ್ಯಾಸ ಮೆದುಳನ್ನು ಗಟ್ಟಿ ಮಾಡಿರಬಹುದೇ ಅಂತ ಅವರು ಕೇಳಿದ್ದರು.

ನನ್ನ ತಾಂಡಾದ ಹುಡುಗಿಯ ಮೆದುಳಿನಲ್ಲಿ ಆ ಇಪ್ಪತ್ತು ಪದಗಳ ಮುಂದೆ ಏನು ನಡೆಯಿತು ಅಂತ ಬೇರೆ ಊರಿನ ಮಕ್ಕಳ ಚಿತ್ರ ನೋಡಿ ಹೇಳಲು ಆಗುವುದಿಲ್ಲ. ಇಲ್ಲಿ ಮೆಡಿಕಲ್ ಕಾಲೇಜುಗಳಿವೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಸಂವಿಧಾನದ 371ಜೆ ವಿಧಿಯ ಅಡಿ ನಮ್ಮ ಭಾಗಕ್ಕೆಂದೇ ಅಭಿವೃದ್ಧಿ ಮಂಡಳಿ ಇದೆ. ರಸ್ತೆಗೆ, ಕಟ್ಟಡಕ್ಕೆ ಸಿಗುವ ದುಡ್ಡಿನಲ್ಲಿ ಒಂದು ಪಾಲು ನಮ್ಮ ಮಕ್ಕಳ ತಲೆಯೊಳಗಿನ ಲೋಕಕ್ಕೂ ಸಿಗಲಿ.

ವಿರೋಧ: ಬೇಡ, ಈಗಲಂತೂ ಬೇಡ

ಎರಡು ವರ್ಷದ ಹಿಂದೆ ಒಬ್ಬ ತಂದೆ ನನ್ನ ಹತ್ತಿರ ಒಂದು ಫೈಲ್ ತಂದಿದ್ದರು. ಮಗ ಏಳನೇ ತರಗತಿ. ಓದಿನಲ್ಲಿ ಲಕ್ಷ ಇಲ್ಲ ಅಂತ ನಗರದ ಯಾವುದೋ ಸೆಂಟರಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ತಲೆಗೆ ವೈರಿನ ಟೋಪಿ ಹಾಕಿ "ಬ್ರೇನ್ ಮ್ಯಾಪಿಂಗ್" ಮಾಡಿದ್ದರು. ನುಣುಪಾದ ಕಾಗದದ ಮೇಲೆ ಎಂಟು ತಲೆಗಳ ಚಿತ್ರ. ಕೆಂಪು, ಹಳದಿ, ನೀಲಿ. ಕೆಳಗೆ ಗಮನಶಕ್ತಿಗೆ ಒಂದು ಮಾರ್ಕು. ಆ ಫೀಸಿಗಾಗಿ ಅವರು ತೊಗರಿ ಮಾರಿದ್ದರು, ಅದೂ ರೇಟ್ ಬಿದ್ದಾಗ. ಫೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಜಮೀನಿನ ಪಹಣಿ ತಂದ ಹಾಗೆ ಎರಡು ಕೈಯಲ್ಲಿ ಹಿಡಿದು ತಂದಿದ್ದರು. "ಮೇಡಮ್, ಈ ನೀಲಿ ಬಣ್ಣ ಹೋಗಬೇಕಂದ್ರ ಏನ್ ಮಾಡಬೇಕ್ರಿ?" ಅಂತ ಕೇಳಿದರು.

ನನಗೆ ಇವತ್ತಿಗೂ ಆ ಪ್ರಶ್ನೆ ಸಂಕಟ ಕೊಡುತ್ತದೆ. ಮೆದುಳಿನ ಅಲೆಗಳಲ್ಲಿ ಥೀಟಾ ಮತ್ತು ಬೀಟಾ ಅನ್ನುವವುಗಳ ಪ್ರಮಾಣ ನೋಡಿ ಎಡಿಎಚ್‌ಡಿ ಗುರುತಿಸಲು ನೆರವಾಗುವ ಒಂದು ಸಾಧನಕ್ಕೆ 2013ರಲ್ಲಿ ಅಮೆರಿಕದ ಔಷಧ-ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತ್ತು, ನಿಜ. ಮೂರೇ ವರ್ಷದಲ್ಲಿ, 2016ರಲ್ಲಿ, ಅಲ್ಲಿನ ನರರೋಗ ತಜ್ಞರ ಅಕಾಡೆಮಿಯೇ ಇದನ್ನು ವೈದ್ಯರ ಮಾಮೂಲು ಪರೀಕ್ಷೆಯ ಬದಲಿಗೆ ಬಳಸಬೇಡಿ ಅಂತ ಹೇಳಿತು. ಈ ಎರಡನೇ ಸುದ್ದಿ ನಮ್ಮ ಊರಿಗೆ ಬರಲೇ ಇಲ್ಲ. ಬಂದದ್ದು ಟೋಪಿ.

ಕಾಕಾನ ಸ್ಕ್ಯಾನಿನ ಮಾತು ಬೇರೆ. ಅಲ್ಲಿ ಗಾಯ ಇತ್ತು. ಒಬ್ಬ ಮನುಷ್ಯ, ಒಂದು ಗಾಯ, ಒಂದು ಫಿಲ್ಮು. ಅದನ್ನು ನಾನು ನೂರು ಸಲ ಒಪ್ಪುತ್ತೇನೆ. ಗಮನದ ಸಂಶೋಧನೆಯಲ್ಲಿ ಇರುವುದು ಗಾಯವಿಲ್ಲದ ಮೆದುಳುಗಳು, ನೂರಾರು ಜನರ ಸರಾಸರಿ, ಕೂದಲೆಳೆಯಷ್ಟು ವ್ಯತ್ಯಾಸ. ಶಾ ಅವರ ಮೂರು ವರ್ಷದ ಲೆಕ್ಕವೂ ಗುಂಪಿನದ್ದು. ಆ 223 ಮಕ್ಕಳಲ್ಲಿ ಒಬ್ಬನ ಚಿತ್ರ ತೆಗೆದು, ಇವನಿಗೆ ಎಡಿಎಚ್‌ಡಿ ಇದೆಯೋ ಇಲ್ಲವೋ ಹೇಳಿ ಅಂದರೆ ಅದರಿಂದ ಆಗುವುದಿಲ್ಲ. ಆದರೆ ತಂದೆಗೆ ಬೇಕಾಗಿರುವುದು ತನ್ನ ಮಗನ ಸುದ್ದಿ ಮಾತ್ರ.

ಆ ಸರಾಸರಿಗಳನ್ನಾದರೂ ಎಷ್ಟು ನಂಬಬೇಕು? 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಒಂದು ಸತ್ತ ಸಾಲ್ಮನ್ ಮೀನನ್ನು ಎಫ್‌ಎಂಆರ್‌ಐ ಯಂತ್ರದಲ್ಲಿ ಇಟ್ಟು, ಅದಕ್ಕೆ ಮನುಷ್ಯರ ಫೋಟೋ ತೋರಿಸಿದರು. ಲೆಕ್ಕವನ್ನು ಸರಿಯಾಗಿ ಬಿಗಿ ಮಾಡದೆ ನೋಡಿದಾಗ ಆ ಮೀನಿನ ತಲೆಯಲ್ಲೂ "ಚುರುಕಾದ ಜಾಗ" ಕಾಣಿಸಿತು. ಸಾವಿರಾರು ಚುಕ್ಕೆಗಳನ್ನು ಒಟ್ಟಿಗೆ ಪರೀಕ್ಷಿಸಿದರೆ ಒಂದಿಷ್ಟು ಸುಮ್ಮಸುಮ್ಮನೆ ಹೊಳೆಯುತ್ತವೆ. ಅದನ್ನು ತಿದ್ದಿಕೊಳ್ಳದೆ ವರದಿ ಬರೆಯಬೇಡಿ ಅಂತ ಹೇಳುವುದಕ್ಕೇ ಅವರು ಹೀಗೆ ಮಾಡಿದ್ದು. 2020ರಲ್ಲಿ ಒಂದೇ ಸ್ಕ್ಯಾನ್ ಮಾಹಿತಿಯನ್ನು 70 ತಂಡಗಳಿಗೆ ಕೊಟ್ಟು ಒಂಬತ್ತು ಪ್ರಶ್ನೆ ಕೇಳಿದರು. ಯಾವ ಎರಡು ತಂಡಗಳೂ ಒಂದೇ ದಾರಿಯಲ್ಲಿ ಲೆಕ್ಕ ಮಾಡಲಿಲ್ಲ. ಉತ್ತರಗಳೂ ಎಷ್ಟೋ ಕಡೆ ಹೊಂದಲಿಲ್ಲ. 2022ರಲ್ಲಿ ಸ್ಕಾಟ್ ಮರೆಕ್ ಮತ್ತು ಸಂಗಡಿಗರು ಸುಮಾರು 50,000 ಜನರ ಮಾಹಿತಿ ಸೇರಿಸಿ ನೋಡಿ, ಮೆದುಳಿನ ಚಿತ್ರಕ್ಕೂ ಬುದ್ಧಿ-ವರ್ತನೆಗೂ ಗಟ್ಟಿ ನಂಟು ಹೇಳಬೇಕಾದರೆ ಸಾವಿರಾರು ಜನ ಬೇಕು ಅಂದರು. ಅಲ್ಲಿಯವರೆಗಿನ ಮಾಮೂಲು ಅಧ್ಯಯನದಲ್ಲಿ ಇರುತ್ತಿದ್ದವರು ಇಪ್ಪತ್ತೈದರ ಆಸುಪಾಸು.

ಕಲಬುರಗಿಯಲ್ಲಿ ಒಂದು ಯಂತ್ರ ತಂದರೆ ಎಷ್ಟು ಮಕ್ಕಳನ್ನು ಮಲಗಿಸುತ್ತೇವೆ? ಇಪ್ಪತ್ತೈದಾ? ಐವತ್ತಾ?

ಇನ್ನೊಂದು ತೊಡಕು ಇದೆ, ನನಗೆ ಇದೇ ಎಲ್ಲಕ್ಕಿಂತ ದೊಡ್ಡದು ಅನ್ನಿಸುತ್ತದೆ. ಯಂತ್ರದೊಳಗೆ ತಲೆ ಅಲ್ಲಾಡಿಸಬಾರದು. ಸ್ವಲ್ಪ, ಒಂದು ಮಿಲಿಮೀಟರಿನ ಒಂದು ಪಾಲು ಅಲ್ಲಾಡಿದರೂ ಚಿತ್ರದಲ್ಲಿ ಇಲ್ಲದ ನಂಟುಗಳು ಹುಟ್ಟುತ್ತವೆ ಅಂತ 2012ರಲ್ಲಿ ಜೊನಾಥನ್ ಪವರ್ ಮತ್ತು ಸಂಗಡಿಗರು ತೋರಿಸಿದರು. ಅಲ್ಲಾಡುವವರು ಯಾರು? ನಾವು ಯಾರಿಗಾಗಿ ಇಷ್ಟೆಲ್ಲ ಮಾಡಬೇಕು ಅನ್ನುತ್ತಿದ್ದೇವೋ ಅದೇ ಚಂಚಲ ಮಕ್ಕಳು. ಅವರ ಚಿತ್ರ ಇಟ್ಟುಕೊಂಡರೆ ಲೆಕ್ಕ ಕೆಡುತ್ತದೆ. ತೆಗೆದುಹಾಕಿದರೆ, ಅವರಿಲ್ಲದೆ ಅವರ ಬಗ್ಗೆ ವರದಿ ಬರೆದ ಹಾಗಾಗುತ್ತದೆ.

ನನ್ನ ಹುಡುಗಿಯನ್ನೂ ಯಂತ್ರದಲ್ಲಿ ಮಲಗಿಸಿದರು ಅಂತ ಇಟ್ಟುಕೊಳ್ಳಿ. ಅವಳು ಪದವನ್ನು ತಾನಾಗಿ ಓದುವುದಿಲ್ಲ, ಒಳಗೆ ಜಗ್ಗಾಟ ಇಲ್ಲ. ಹಾಗಾಗಿ ಜಗ್ಗಾಟದ ಸುಳಿವು ಕೊಡುವ ಆಂಟೀರಿಯರ್ ಸಿಂಗ್ಯುಲೇಟ್ ತಣ್ಣಗೆ ಇರುತ್ತದೆ. ಒಬ್ಬರು ಆ ಚಿತ್ರ ನೋಡಿ "ಎಂಥ ಹಿಡಿತ, ಶ್ರಮವೇ ಇಲ್ಲ" ಅಂತ ಬರೆಯಬಹುದು. ಇನ್ನೊಬ್ಬರು "ಈ ಭಾಗ ಕೆಲಸವೇ ಮಾಡುತ್ತಿಲ್ಲ, ದುರ್ಬಲ" ಅಂತ ಬರೆಯಬಹುದು. ಚಿತ್ರ ಒಂದೇ, ಎರಡು ಕಥೆಯೂ ತಪ್ಪು. ನಿಜ ಏನು ಅಂತ ಚಿತ್ರದಲ್ಲಿ ಇರಲಿಲ್ಲ, ಅವಳ ಬಾಯಲ್ಲಿತ್ತು. ಮೆದುಳಿನ ಜಾಗ ಹೊಳೆದದ್ದನ್ನು ನೋಡಿ ಮನಸ್ಸಿನಲ್ಲಿ ಇದೇ ನಡೆಯಿತು ಅಂತ ಹಿಮ್ಮುಖವಾಗಿ ಹೇಳಬೇಡಿ ಅಂತ ರಸೆಲ್ ಪೋಲ್ಡ್ರಾಕ್ 2006ರಲ್ಲೇ ಎಚ್ಚರಿಸಿದ್ದರು.

ಮೆದುಳು ಅನ್ನುವ ಮಾತು ಸೇರಿಕೊಂಡರೆ ಜನ ಬೇಗ ನಂಬುತ್ತಾರೆ. 2008ರಲ್ಲಿ ಡೀನಾ ವೈಸ್‌ಬರ್ಗ್ ಮತ್ತು ಸಂಗಡಿಗರು ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. ವಿಷಯಕ್ಕೆ ಸಂಬಂಧವೇ ಇಲ್ಲದ ಮೆದುಳಿನ ಮಾತನ್ನು ಸೇರಿಸಿದಾಗ ಸೊಟ್ಟ ವಿವರಣೆಗಳೂ ಜನರಿಗೆ ಚೆನ್ನಾಗಿ ಕಂಡವು. ನ್ಯಾಯಾಲಯಕ್ಕೂ ಇದು ನುಗ್ಗಿತ್ತು. 2008ರಲ್ಲಿ ಪುಣೆಯ ಒಂದು ಕೋರ್ಟು ಕೊಲೆ ಪ್ರಕರಣದಲ್ಲಿ ಮೆದುಳಿನ ಅಲೆಗಳ ಪರೀಕ್ಷೆಯನ್ನೂ ಸಾಕ್ಷಿಯಾಗಿ ಹಿಡಿದು ಶಿಕ್ಷೆ ಕೊಟ್ಟಿತು. 2010ರಲ್ಲಿ, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, ಒಪ್ಪಿಗೆ ಇಲ್ಲದೆ ಯಾರ ಮೇಲೂ ಇಂಥ ಪರೀಕ್ಷೆ ಮಾಡಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿತು. ಆರೋಪಿಗೆ ಇಷ್ಟು ರಕ್ಷಣೆ ಇದೆ. ಹನ್ನೆರಡು ವರ್ಷದ ಹುಡುಗನ ಒಪ್ಪಿಗೆಯನ್ನು ಯಾರು ಕೇಳಿದರು?

ಇನ್ನೊಂದು ಭಯ ನನಗೆ ಒಳಗೊಳಗೇ ಇದೆ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ ರಾಜ್ಯಕ್ಕೇ ಕೊನೆ, 2025ರಲ್ಲಿ ಕಲಬುರಗಿ. ಇಂಥ ಹೊತ್ತಿನಲ್ಲಿ ನಮ್ಮ ಭಾಗದ ಮಕ್ಕಳ ಮೆದುಳಿನ ಚಿತ್ರ ಬೇರೆ ಥರ ಇದೆ ಅಂತ ಒಂದು ವರದಿ ಬಂದರೆ ಏನಾಗುತ್ತದೆ? ಖಾಲಿ ಬಿದ್ದ ಮೇಷ್ಟ್ರ ಹುದ್ದೆಗಳನ್ನು ಆಮೇಲೆ ಯಾರೂ ಕೇಳುವುದಿಲ್ಲ. ಮಕ್ಕಳ ತಲೆಯೇ ಹಾಗೆ ಅಂದುಬಿಡುತ್ತಾರೆ.

ನಮ್ಮ ಭಾಗದಲ್ಲಿ ಸಂಶೋಧನೆ ನಡೆದಿಲ್ಲ ಅಂತಲ್ಲ. ಡಿಸೆಂಬರ್ 2021ರಿಂದ ನಮ್ಮ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದರು. ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದವರು ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನೂ ಸಿಗದಿದ್ದ ಗದಗದ ಮಕ್ಕಳನ್ನೂ ತೂಗಿ ನೋಡಿದರು. ಯಾದಗಿರಿಯ ಮಕ್ಕಳ ತೂಕ ಜಾಸ್ತಿ ಏರಿತ್ತು. ಬೇಕಾದದ್ದು ತಕ್ಕಡಿ, ರಿಜಿಸ್ಟರು, ತಾಳ್ಮೆ. 2022ರಲ್ಲಿ ಮೊಟ್ಟೆ ಇಡೀ ರಾಜ್ಯಕ್ಕೆ ಬಂತು. ಯಾದಗಿರಿಯ ಮಕ್ಕಳು ತಕ್ಕಡಿ ಹತ್ತಿದ್ದು ದಕ್ಷಿಣದ ಮಕ್ಕಳಿಗೂ ಪ್ರಯೋಜನ ಆಯಿತು ಅಂತ ನನಗೆ ಹೆಮ್ಮೆ.

ಗಮನಕ್ಕೂ ಊಟಕ್ಕೂ ಏನು ಸಂಬಂಧ ಅಂದರೆ, ನೇರ ಸಂಬಂಧ. ಹಣೆಯ ಭಾಗದ ಹಿಡಿತಕ್ಕೆ ಡೋಪಮಿನ್ ಅನ್ನುವ ಮೆದುಳಿನ ರಾಸಾಯನಿಕ ಬೇಕು. ಡೋಪಮಿನ್ ತಯಾರಾಗಲು ಕಬ್ಬಿಣದ ಅಂಶ ಬೇಕು. ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಕ್ಕಳಿಗೆ ರಕ್ತಹೀನತೆ ಇದೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ನನ್ನ ಶಾಲೆಯಲ್ಲಿ ವಾರಕ್ಕೊಮ್ಮೆ ನೀಲಿ ಕಬ್ಬಿಣದ ಮಾತ್ರೆ ಕೊಡುತ್ತೇವೆ. ಹೊಟ್ಟೆ ತೊಳಸುತ್ತದೆ ಅಂತ ಎಷ್ಟೋ ಹುಡುಗಿಯರು ಅಂಗೈಯಲ್ಲೇ ಮುಚ್ಚಿಟ್ಟುಕೊಂಡು ಹೋಗಿ ನಲ್ಲಿಯ ಹತ್ತಿರ ಬಿಸಾಕುತ್ತಾರೆ. ಊಟ ಆದ ಮೇಲೆ, ಎದುರಿಗೇ ನಿಂತು, ನೀರು ಕೊಟ್ಟು ನುಂಗಿಸಿದ ವಾರಗಳಲ್ಲಿ ಆ ನಲ್ಲಿಯ ಹತ್ತಿರ ನೀಲಿ ಕಲೆ ಕಾಣುವುದಿಲ್ಲ. ಕೋಟಿಗಟ್ಟಲೆ ದುಡ್ಡಿನ ಯಂತ್ರಕ್ಕಿಂತ ಮೊದಲು ಆ ನಲ್ಲಿಯ ಹತ್ತಿರ ಒಬ್ಬರು ನಿಲ್ಲಬೇಕು.

ಭಾಷೆಯ ಮಾತಿಗೂ ಉತ್ತರ ಇದೆ. ಎರಡು ಭಾಷೆ ಬಲ್ಲ ಮಕ್ಕಳಿಗೆ ಹಿಡಿತ ಜಾಸ್ತಿ ಅನ್ನುವುದನ್ನು ಅದೇ ಎಬಿಸಿಡಿ ಅಧ್ಯಯನದ 4,500ಕ್ಕೂ ಜಾಸ್ತಿ ಮಕ್ಕಳಲ್ಲಿ ಹುಡುಕಿದರು. 2019ರಲ್ಲಿ ವರದಿ ಬಂತು. ಅಂಥ ಲಾಭ ಕಾಣಲಿಲ್ಲ. ಆ ಮಕ್ಕಳ ಸ್ಕ್ಯಾನ್ ಆಗಿತ್ತು, ಆದರೆ ಈ ಉತ್ತರ ಬಂದದ್ದು ಸ್ಕ್ಯಾನಿನಿಂದಲ್ಲ. ಪರದೆ ನೋಡಿ ಉತ್ತರ ಕೊಡುವ ಸರಳ ಆಟಗಳಿಂದ.

ಆಟವನ್ನು ನಾನೂ ಮುಂದುವರಿಸಿದೆ. ಮುಂದಿನ ವಾರ ಪದ ಬಿಟ್ಟು ಅಂಕಿ ಹಿಡಿದೆ. ಹಲಗೆಯ ಮೇಲೆ 3 ಅನ್ನುವ ಅಂಕಿಯನ್ನು ನಾಲ್ಕು ಸಲ ಬರೆದು, ಎಷ್ಟು ಅಂಕಿ ಇವೆ ಅಂತ ಕೇಳಿದೆ. "ನಾಲ್ಕು" ಅನ್ನಬೇಕು, ಬಾಯಿ "ಮೂರು" ಅನ್ನುತ್ತದೆ. ಅಂಕಿ ಎಲ್ಲರಿಗೂ ಒಂದೇ, ತಾಂಡಾಕ್ಕೂ ಊರಿಗೂ. ಈ ಸಲ ಆ ಹುಡುಗಿಯೂ ಎಲ್ಲರ ಹಾಗೆ ತಡವರಿಸಿದಳು. "ಮೂರು... ಅಲ್ಲ, ನಾಕು!" ಅಂತ ಜೋರಾಗಿ ನಕ್ಕಳು. ಅವಳ ಹಿಡಿತ ಎಲ್ಲರದ್ದರ ಹಾಗೇ ಇತ್ತು. ಕನ್ನಡ ಓದಿಗೆ ಮಾತ್ರ ನನ್ನ ನೆರವು ಬೇಕಿತ್ತು, ಅದನ್ನು ಅವತ್ತಿನಿಂದ ಶುರು ಮಾಡಿದೆವು, ದಿನಾ ಊಟದ ನಂತರ ಇಪ್ಪತ್ತು ನಿಮಿಷ. ಅದಕ್ಕೆ ಖರ್ಚಾದದ್ದು ಒಂದು ಚಾಕ್‌ಪೀಸು.

ಮರುದಿನ ಅವಳೇ ಒಂದು ಹಾಳೆ ತಂದಳು. ಮನೆಯಲ್ಲಿ ಅಣ್ಣನನ್ನು ಕೂರಿಸಿಕೊಂಡು, ಬಣ್ಣಗಳ ಲಮಾಣಿ ಹೆಸರುಗಳನ್ನು ಕನ್ನಡ ಅಕ್ಷರದಲ್ಲಿ, ಬೇರೆ ಬೇರೆ ಬಣ್ಣದ ಪೆನ್ನಿನಿಂದ ಬರೆಸಿದ್ದಳು. ಕ್ಲಾಸಿನಲ್ಲಿ ತಾಂಡಾದ ಹುಡುಗರು ಇನ್ನೂ ಮೂವರಿದ್ದಾರೆ, ಓದಿನಲ್ಲಿ ಮುಂದಿರುವವರು. ಮೂವರೂ ಆ ಹಾಳೆಯ ಮುಂದೆ ನಿಂತು ತೊದಲಿದರು. ಆಮೇಲೆ ಅವಳು ಹಾಳೆಯನ್ನು ನನ್ನ ಕಡೆ ತಿರುಗಿಸಿ, ಮೊಬೈಲನ್ನು ತಾನೇ ಹಿಡಿದು ಟೈಮ್ ನೋಡಿದಳು. ಆ ಪದಗಳ ಅರ್ಥ ನನಗೆ ಒಂದೂ ಗೊತ್ತಿರಲಿಲ್ಲ. ಬರೀ ಬಣ್ಣ ಕಂಡಿತು. ಆ ಸಲ ಎಲ್ಲರಿಗಿಂತ ಬೇಗ ಮುಗಿಸಿದ್ದು ನಾನು.